ಬೆಣ್ಣೆ ಎಸೆನ್ಸ್: ತಿನ್ನುವವರಿಗಿಂತ ಕಾಯಿಸುವವರಿಗೆ ಅಪಾಯ ಹೆಚ್ಚು

ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಣ್ಣೆಯ ವಾಸನೆ ಕೊಡುವ ಎಸೆನ್ಸನ್ನು ಕುರಿತವು. ಆದ್ದರಿಂದ ಇಡೀ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗವಿಮಠದ ಜಾತ್ರೆಯಲ್ಲಿ ಮಕ್ಕಳಿಗೆ ಬೆಣ್ಣೆ ಪಾಪ್‌ಕಾರ್ನ್ ಕೊಡಿಸಿದೆ. ಅಂಗಡಿಯವರು ಕಾದ ಎಣ್ಣೆಗೆ ಹಳದಿ ಪುಡಿ ಹಾಕಿ ಅರಳಿಸುತ್ತಿದ್ದರು. ಆ ವಾಸನೆಯ ರಾಸಾಯನಿಕದಿಂದ ಶ್ವಾಸಕೋಶ ಹಾಳಾಗುತ್ತದೆ ಎಂಬ ವಿಡಿಯೋ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ಮಕ್ಕಳಿಗೆ ಕೊಡಿಸಿದ್ದು ತಪ್ಪಾಯಿತೇ?
— ಒಬ್ಬ ತಾಯಿ, ಕೊಪ್ಪಳ

ಉತ್ತರ: ತಪ್ಪಾಗಿಲ್ಲ, ನೀವು ಗಾಬರಿಯಾಗಬೇಕಿಲ್ಲ. ವಿಡಿಯೋದಲ್ಲಿರುವ ಮಾತು ಪೂರ್ತಿ ಸುಳ್ಳೂ ಅಲ್ಲ. ಯಾರಿಗೆ ಹೇಳಬೇಕಾದ ಎಚ್ಚರಿಕೆಯೋ ಅವರನ್ನು ಬಿಟ್ಟು ನಿಮಗೆ ಬಂದು ತಲುಪಿದೆ, ಅಷ್ಟೇ.

ಬೆಣ್ಣೆ ಎಸೆನ್ಸಿನಲ್ಲಿ ಬಹುಕಾಲದಿಂದ ಮುಖ್ಯವಾಗಿ ಬಳಕೆಯಲ್ಲಿರುವ ವಸ್ತುವಿನ ಹೆಸರು ಡೈಅಸಿಟೈಲ್. ನಾಲ್ಕು ಇಂಗಾಲ, ಆರು ಜಲಜನಕ, ಎರಡು ಆಮ್ಲಜನಕ ಪರಮಾಣುಗಳುಳ್ಳ ಪುಟ್ಟ ಅಣು ಇದು. ಹಳದಿ-ಹಸಿರು ಬಣ್ಣದ ದ್ರವವಾಗಿದ್ದು, ನೀರಿಗಿಂತ ಬೇಗ, ಸುಮಾರು 88 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಇದನ್ನು ಕಾರ್ಖಾನೆಯವರು ಹೊಸದಾಗಿ ಹುಟ್ಟಿಸಿದ್ದಲ್ಲ. ಬೆಣ್ಣೆಯ ಸಹಜ ಪರಿಮಳಕ್ಕೆ ಮುಖ್ಯ ಕಾರಣ ಈ ಅಣುವೇ ಎಂದು ನೆದರ್ಲೆಂಡ್ಸಿನ ವಿಜ್ಞಾನಿಗಳಾದ ವಾನ್ ನೀಲ್, ಕ್ಲೂವರ್ ಮತ್ತು ಡರ್ಕ್ಸ್ 1929ರಲ್ಲಿ ತೋರಿಸಿಕೊಟ್ಟರು. ಹಾಲಿನಲ್ಲಿ ಸಿಟ್ರೇಟ್ ಎಂಬ ಲವಣವಿರುತ್ತದೆ. ಹೆಪ್ಪಿನೊಂದಿಗೆ ಬರುವ ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದನ್ನು ಪೈರುವೇಟ್ ಆಗಿಯೂ ಬಳಿಕ ಅಸಿಟೋಲ್ಯಾಕ್ಟೇಟ್ ಆಗಿಯೂ ಮಾರ್ಪಡಿಸುತ್ತವೆ. ಆ ಅಸಿಟೋಲ್ಯಾಕ್ಟೇಟ್ ಹುಳಿಯ ವಾತಾವರಣದಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ತಾನಾಗಿಯೇ ಒಡೆದು ಡೈಅಸಿಟೈಲ್ ಆಗುತ್ತದೆ. ನಮ್ಮ ಕಡೆ ಹಾಲಿಗೆ ಹೆಪ್ಪು ಹಾಕಿ, ಮೊಸರು ಕಡೆದು ಬೆಣ್ಣೆ ತೆಗೆಯುವುದರಿಂದ ಈ ಕ್ರಿಯೆಗೆ ಬೇಕಾದ ಹುಳಿಯೂ ಗಾಳಿಯೂ ಎರಡೂ ಧಾರಾಳವಾಗಿ ಸಿಗುತ್ತವೆ. ಹಸಿ ಕೆನೆಯಿಂದ ಯಂತ್ರದಲ್ಲಿ ತೆಗೆದ ಬೆಣ್ಣೆಗೆ ಹಳ್ಳಿಯ ಬೆಣ್ಣೆಯ ಘಮ ಇಲ್ಲದಿರುವುದಕ್ಕೆ ಇದೇ ಕಾರಣ.

ಪ್ರಮಾಣದ ಮಾತಿಗೆ ಬರೋಣ. ಹೆಪ್ಪಿನ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ ಒಂದರಿಂದ ನಾಲ್ಕು ಪಾಲಿನಷ್ಟು ಡೈಅಸಿಟೈಲ್ ಇರುತ್ತದೆ. ಬೆಣ್ಣೆಗೆ ಅದನ್ನು ಹೊರಗಿನಿಂದ ಸೇರಿಸಿದರೂ ಒಟ್ಟು ಪ್ರಮಾಣ ಹತ್ತು ಲಕ್ಷಕ್ಕೆ ನಾಲ್ಕು ಪಾಲನ್ನು ದಾಟಬಾರದೆಂದು ನಮ್ಮ ದೇಶದ ಆಹಾರ ನಿಯಮ ಹಿಂದಿನಿಂದಲೂ ಹೇಳಿದೆ. ಈ ಮಿತಿಯಲ್ಲಿರುವ 10 ಗ್ರಾಂ ಬೆಣ್ಣೆಯಲ್ಲಿ ಇರುವುದು 40 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಇಪ್ಪತ್ತೈದನೆಯ ಒಂದು ಭಾಗ. ಆಹಾರದೊಡನೆ ಹೊಟ್ಟೆ ಸೇರಿದ ಈ ಅಲ್ಪ ಪ್ರಮಾಣವನ್ನು ದೇಹದ ಕಿಣ್ವಗಳು ಅಸಿಟೋಯಿನ್ ಮತ್ತು ಬ್ಯುಟೇನ್‌ಡೈಆಲ್ ಎಂಬ ಸೌಮ್ಯ ವಸ್ತುಗಳಾಗಿ ಮಾರ್ಪಡಿಸುತ್ತವೆ. ಮಜ್ಜಿಗೆ, ಬೆಣ್ಣೆ, ಕಾಫಿಯಲ್ಲಿ ನಾವೆಲ್ಲ ಇದನ್ನು ಸೇವಿಸುತ್ತಲೇ ಬಂದಿದ್ದೇವೆ.

ವಿಡಿಯೋದ ಮೂಲ ಬಹುಶಃ 2007ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಬೆಳಕಿಗೆ ಬಂದ ಪ್ರಕರಣವಿರಬೇಕು. ಅಲ್ಲಿನ ಒಬ್ಬ ಗ್ರಾಹಕ ವರ್ಷಗಟ್ಟಲೆ ದಿನಕ್ಕೆ ಸುಮಾರು ಎರಡು ಚೀಲದಂತೆ ಮೈಕ್ರೋವೇವ್ ಪಾಪ್‌ಕಾರ್ನ್ ತಿನ್ನುತ್ತಿದ್ದುದಲ್ಲದೆ, ಬಿಸಿ ಚೀಲ ಬಿಚ್ಚಿ ಅದರ ಹಬೆಯನ್ನು ಆಸೆಯಿಂದ ಮೂಗಿಗೆ ಎಳೆದುಕೊಳ್ಳುತ್ತಿದ್ದ. ಅವನ ಶ್ವಾಸಕೋಶಕ್ಕೆ ಆದ ಹಾನಿಗೆ ವೈದ್ಯರು ಕಾರಣವೆಂದು ಕಂಡದ್ದು ಆ ಹಬೆಯನ್ನು. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಒಂದು ಪೊಟ್ಟಣ ತಿಂದ ಮಗುವಿಗೆ ಆ ಪ್ರಕರಣವನ್ನು ಅನ್ವಯಿಸಲಾಗದು. ಆದರೂ ಕುದಿಯುವ ಕಡಾಯಿಯ ಪಕ್ಕದಲ್ಲೇ ಹಬೆಗೆ ಮುಖವೊಡ್ಡಿ ನಿಲ್ಲಲು ಮಕ್ಕಳನ್ನು ಬಿಡಬೇಡಿ. ಮನೆಯಲ್ಲಿ ಮೈಕ್ರೋವೇವ್ ಚೀಲ ಬಳಸುವವರಾದರೆ ಅದು ಸ್ವಲ್ಪ ಆರಿದ ಮೇಲೆ ಮುಖದಿಂದ ದೂರ ಹಿಡಿದು ಬಿಚ್ಚಿ, ಏಕೆಂದರೆ ಆವಿ ಹೆಚ್ಚಾಗಿ ಹೊರಬರುವುದು ಬಿಚ್ಚುವ ಕ್ಷಣದಲ್ಲಿ.

ಹಳದಿ ಬಣ್ಣದ ವಿಚಾರ ಬೇರೆ. ಅದಕ್ಕೂ ವಾಸನೆಗೂ ಸಂಬಂಧವಿಲ್ಲ. ಬೀಟಾ ಕೆರೋಟಿನ್, ಅನ್ನಾಟೊ, ಅರಿಶಿನದ ಕರ್ಕ್ಯುಮಿನ್‌ಗಳಿಂದ ಬಂದ ಬಣ್ಣವಾದರೆ ಚಿಂತೆಯಿಲ್ಲ; ಹೆಸರು ವಿವರ ಏನೂ ಇಲ್ಲದ ಬಿಡಿ ಪುಡಿಯಲ್ಲಿ ಮೆಟಾನಿಲ್ ಹಳದಿಯಂಥ ನಿಷಿದ್ಧ ಬಣ್ಣವಿರುವ ಸಾಧ್ಯತೆಯಿದೆ. ತಿನ್ನುವವರ ದೃಷ್ಟಿಯಿಂದ ನೋಡಿದರೆ ಪಾಪ್‌ಕಾರ್ನಿನಲ್ಲಿ ನಾನು ಮೊದಲು ಕೇಳುವುದು ಯಾವ ಕೊಬ್ಬಿನಲ್ಲಿ ಅರಳಿಸಿದರು, ಎಷ್ಟು ಉಪ್ಪು ಹಾಕಿದರು ಎಂಬುದನ್ನು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ, ಆದರೆ ಅದೇ ವನಸ್ಪತಿಯನ್ನು ದಿನವಿಡೀ ಕಾಯಿಸಿ ಕಾಯಿಸಿ ಬಳಸಿದರೆ ನಿಯಮದ ಉದ್ದೇಶವೇ ನಷ್ಟವಾಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಬೇಕರಿ. ಬೆಣ್ಣೆ ಬಿಸ್ಕತ್ತು, ಖಾರಿ ಮಾಡುತ್ತೇವೆ. ವನಸ್ಪತಿಯನ್ನು ದೊಡ್ಡ ಪಾತ್ರೆಯಲ್ಲಿ ಕಾಯಿಸಿ, ಬಿಸಿಯಿರುವಾಗಲೇ ಬೆಣ್ಣೆ ಎಸೆನ್ಸ್ ಸುರಿದು ಕಲಸುವುದು ರೂಢಿ. ಆ ಕೆಲಸ ಮಾಡುವ ಯುವಕನಿಗೆ ಎರಡು ತಿಂಗಳಿಂದ ಒಣಕೆಮ್ಮು. ಹಿಟ್ಟಿನ ಚೀಲ ಎತ್ತಿದರೆ ಏದುಸಿರು ಬರುತ್ತದೆ. ಅಸ್ತಮಾ ಇರಬಹುದೆಂದು ಔಷಧಿ ಕೊಟ್ಟಿದ್ದಾರೆ, ಗುಣ ಕಂಡಿಲ್ಲ. ಇದು ಹಿಟ್ಟಿನ ಧೂಳಿನಿಂದಲೋ ಎಸೆನ್ಸಿನಿಂದಲೋ?
— ಬೇಕರಿ ಮಾಲೀಕರು, ಗಂಗಾವತಿ

ಉತ್ತರ: ಕಾರಣ ಯಾವುದೆಂದು ಪತ್ರದ ಮೇಲೆ ತೀರ್ಮಾನಿಸಲಾಗದು. ಆದರೆ ಈ ಪತ್ರಿಕೆ ನಿಮ್ಮ ಕೈಸೇರಿದ ದಿನವೇ ಆ ಯುವಕನನ್ನು ಎಸೆನ್ಸ್ ಕಲಸುವ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿ, ಅವನ ಸಂಬಳವನ್ನು ಕಡಿಮೆ ಮಾಡಬೇಡಿ. ಸಂಬಳ ಹೋಗುವ ಭಯವಿದ್ದರೆ ಯಾವ ಕೆಲಸಗಾರನೂ ಎದೆಯ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಇಂಥ ಕೆಲಸದಿಂದ ಏನಾಗಬಲ್ಲದೆಂಬುದು ಜಗತ್ತಿಗೆ ತಿಳಿದದ್ದು 2000ನೇ ಇಸವಿಯಲ್ಲಿ. ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಹಿಂದೆ ದುಡಿದಿದ್ದ ಎಂಟು ಮಂದಿಗೆ ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಎಂಬ ಅಪರೂಪದ ಕಾಯಿಲೆಯಂತಹ ಸ್ಥಿತಿ ಇರುವುದು ಪತ್ತೆಯಾಯಿತು. ಶ್ವಾಸನಾಳದ ಕೊನೆಯ ಕವಲುಗಳು ಗಾಯಗೊಂಡು, ಮಾಯುವ ಭರದಲ್ಲಿ ಕಲೆಕಟ್ಟಿ, ಕ್ರಮೇಣ ಮುಚ್ಚಿಹೋಗುವ ಕಾಯಿಲೆ ಅದು. ಅವರಲ್ಲಿ ಕೆಲವರ ಹೆಸರು ಶ್ವಾಸಕೋಶ ಕಸಿಯ ಪಟ್ಟಿ ಸೇರುವಷ್ಟು ವಿಷಯ ವಿಕೋಪಕ್ಕೆ ಹೋಗಿತ್ತು. ಆ ದೇಶದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯವರು ಕಾರ್ಖಾನೆಗೆ ಹೋಗಿ ಆಗ ಕೆಲಸದಲ್ಲಿದ್ದವರನ್ನು ಪರೀಕ್ಷಿಸಿದಾಗ, ಉಸಿರಿನ ದಾರಿ ಕಟ್ಟಿಕೊಂಡವರ ಪ್ರಮಾಣ ನಿರೀಕ್ಷೆಗಿಂತ 3.3 ಪಟ್ಟು ಹೆಚ್ಚಿತ್ತು. ಎಂದೂ ಬೀಡಿ ಸಿಗರೇಟು ಮುಟ್ಟದವರಲ್ಲಿ ಅದು 10.8 ಪಟ್ಟು. ಕಾದ ಸೋಯಾ ಎಣ್ಣೆಯ ತೊಟ್ಟಿಗೆ ಬೆಣ್ಣೆ ಎಸೆನ್ಸ್ ಸುರಿದು ಕಲಸುತ್ತಿದ್ದವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚಾಗಿತ್ತು. ಗುಣಮಟ್ಟ ನೋಡಲೆಂದು ದಿನವಿಡೀ ಒಂದಾದ ಮೇಲೊಂದು ಚೀಲ ಅರಳಿಸಿ ಬಿಚ್ಚುತ್ತಿದ್ದ ಪರೀಕ್ಷಕರಲ್ಲೂ ತೊಂದರೆ ಕಾಣಿಸಿತು. ನೀವು ಬರೆದಿರುವ ರೂಢಿ, ಪ್ರಮಾಣ ಚಿಕ್ಕದಾದರೂ, ಆ ತೊಟ್ಟಿಯ ಕೆಲಸದ ಜಾತಿಗೇ ಸೇರಿದ್ದು.

ಹೊಟ್ಟೆಯಲ್ಲಿ ಸೌಮ್ಯವಾಗಿರುವ ವಸ್ತು ಎದೆಯಲ್ಲಿ ಏಕೆ ಇಷ್ಟು ಕ್ರೂರವಾಗುತ್ತದೆ? ಡೈಅಸಿಟೈಲ್ ಅಣುವಿನಲ್ಲಿ ಇಂಗಾಲ–ಆಮ್ಲಜನಕದ ಎರಡು ಜೋಡಿ ಬಂಧಗಳು ಒತ್ತೊತ್ತಿಗೆ ಕೂತಿವೆ. ಹೀಗೆ ಕೂತ ಬಂಧಗಳು ಬಹಳ ಚುರುಕು. ಸಿಕ್ಕ ಪ್ರೋಟೀನುಗಳ ಅರ್ಜಿನಿನ್ ಎಂಬ ಭಾಗಕ್ಕೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತವೆ. ಆಹಾರದಲ್ಲಿರುವಾಗ ಈ ಚುರುಕುತನ ಕೊಬ್ಬು, ಪ್ರೋಟೀನುಗಳ ರಾಶಿಯ ನಡುವೆಯೇ ಬಹುಪಾಲು ಖರ್ಚಾಗುತ್ತದೆ, ಉಳಿದದ್ದನ್ನು ಕರುಳು ಮತ್ತು ಯಕೃತ್ತಿನ ಕಿಣ್ವಗಳು ನೋಡಿಕೊಳ್ಳುತ್ತವೆ. ಆವಿಯಾಗಿ ಒಳಹೋದದ್ದಕ್ಕಾದರೋ ಎದುರಾಗುವುದು ಶ್ವಾಸನಾಳದ ಒಳಮೈಯ ತೆಳುವಾದ ಜೀವಕೋಶಗಳ ಹೊದಿಕೆ ಮಾತ್ರ. ಈ ಆವಿಯನ್ನು ಉಸಿರಾಡಿದ ಇಲಿಗಳ ಮೂಗು ಮತ್ತು ಶ್ವಾಸನಾಳಗಳಲ್ಲಿ ಆ ಹೊದಿಕೆ ಸತ್ತು ಕಳಚಿದ್ದನ್ನು ಪ್ರಯೋಗಗಳು ತೋರಿಸಿವೆ. ಅದೇ ಅಮೆರಿಕದ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ ಮಿತಿಯನ್ನು ಗಮನಿಸಿ: ಎಂಟು ತಾಸಿನ ಪಾಳಿಯ ಸರಾಸರಿ ಲೆಕ್ಕದಲ್ಲಿ ಗಾಳಿಯ ನೂರು ಕೋಟಿ ಪಾಲಿಗೆ ಐದು ಪಾಲು, ಹದಿನೈದು ನಿಮಿಷದ ಅವಧಿಗಾದರೆ 25 ಪಾಲು. ಲೆಕ್ಕ ಹಾಕಿದರೆ ಪಾಳಿಯ ಐದು ಪಾಲು ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಮೈಕ್ರೋಗ್ರಾಂ. ಒಬ್ಬ ಕೆಲಸಗಾರ ಒಂದು ಪಾಳಿಯಲ್ಲಿ ಸುಮಾರು ಹತ್ತು ಘನ ಮೀಟರ್ ಗಾಳಿಯನ್ನು ಉಸಿರಾಡುತ್ತಾನೆಂದು ಹಿಡಿದರೆ ಒಳಹೋಗುವುದು 180 ಮೈಕ್ರೋಗ್ರಾಮಿನಷ್ಟು. ಐವತ್ತು ಗ್ರಾಂ ಒಳ್ಳೆಯ ಬೆಣ್ಣೆ ತಿಂದವನ ಹೊಟ್ಟೆಗೂ ಹೆಚ್ಚುಕಡಿಮೆ ಅಷ್ಟೇ ಡೈಅಸಿಟೈಲ್ ಸೇರಬಹುದು, ಅವನಿಗೆ ಅದರಿಂದ ಏನೂ ಆಗುವುದಿಲ್ಲ. ಇಲ್ಲಿ ತೂಕಕ್ಕಿಂತ ಒಳಹೋಗುವ ದಾರಿಯೇ ಮುಖ್ಯ.

ಈಗ ಆ ಯುವಕನ ವಿಷಯ. ಹಿಟ್ಟಿನ ಧೂಳಿನಿಂದ ಬರುವ ಅಸ್ತಮಾ ಬೇಕರಿ ಕೆಲಸಗಾರರಲ್ಲಿ ಇರುವಂಥದ್ದೇ. ಅದರಲ್ಲಿ ಏದುಸಿರು ಏರಿಳಿಯುತ್ತದೆ, ಹಲವರಿಗೆ ರಜೆಯ ದಿನ ಹಗುರವೆನಿಸುತ್ತದೆ, ಇನ್‌ಹೇಲರ್ ಎಳೆದರೆ ಉಸಿರು ಸಡಿಲವಾಗುತ್ತದೆ. ಎಸೆನ್ಸಿನ ಆವಿಯಿಂದ ಆದ ಕಾಯಿಲೆಯಲ್ಲಿ ಈ ಸಡಿಲಿಕೆ ಕಾಣುವುದಿಲ್ಲ, ರಜೆಯಲ್ಲೂ ಅದು ಬಿಡುವುದಿಲ್ಲ. ಎರಡು ವಾರ ದಾಟಿದ ಕೆಮ್ಮೆಂದರೆ ಮೊದಲು ಕಫ ಪರೀಕ್ಷೆಯಾಗಿ ಕ್ಷಯವಿಲ್ಲವೆಂದು ಖಚಿತವಾಗಬೇಕು; ಇದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಳಿಕ ಕೊಪ್ಪಳದಲ್ಲಿಯೋ ಬಳ್ಳಾರಿಯಲ್ಲಿಯೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದು ಶ್ವಾಸಕೋಶ ತಜ್ಞರಿಗೆ ತೋರಿಸಿ, ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯನ್ನು ಔಷಧಿ ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ ಮಾಡಿಸಬೇಕೆಂದು ಕೇಳಿ. ಅಗತ್ಯವೆನಿಸಿದರೆ ಅವರು ಉಸಿರು ಎಳೆದಾಗಲೂ ಬಿಟ್ಟಾಗಲೂ ಸಿ.ಟಿ. ಸ್ಕ್ಯಾನ್ ತೆಗೆಸುತ್ತಾರೆ, ಏಕೆಂದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಈ ಕಾಯಿಲೆ ತಪ್ಪಿಸಿಕೊಳ್ಳಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಎಸೆನ್ಸಿನ ಡಬ್ಬಿಯನ್ನೋ ಅದರ ಚೀಟಿಯ ಫೋಟೋವನ್ನೋ ಜೊತೆಗೆ ಒಯ್ದು, "ಈ ಹುಡುಗ ಇದನ್ನು ಕಾದ ಕೊಬ್ಬಿನಲ್ಲಿ ಕಲಸುತ್ತಾನೆ" ಎಂದು ವೈದ್ಯರಿಗೆ ನೀವೇ ಹೇಳಿ. ಜಾಸ್ಪರಿನ ಕೆಲಸಗಾರರಿಗೂ ಮೊದಮೊದಲು ಅಸ್ತಮಾ, ಬ್ರಾಂಕೈಟಿಸ್ ಎಂಬ ಹೆಸರುಗಳೇ ಸಿಕ್ಕಿದ್ದವು. ಮುಚ್ಚಿದ ಕವಲುಗಳನ್ನು ಮತ್ತೆ ತೆರೆಯುವ ಔಷಧಿ ಇಲ್ಲ. ಬೇಗ ಗುರುತಿಸಿ ಆವಿಯಿಂದ ದೂರವಿರಿಸಿದರೆ ಕಾಯಿಲೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು.

ಬೇಕರಿಯಲ್ಲಿ ಮಾಡಬೇಕಾದ ಬದಲಾವಣೆಗೆ ದೊಡ್ಡ ಖರ್ಚಿಲ್ಲ. ಕಾದ ಕೊಬ್ಬಿಗೆ ಎಸೆನ್ಸ್ ಸುರಿಯುವುದನ್ನು ಇಂದೇ ನಿಲ್ಲಿಸಿ. ಕೊಬ್ಬು ತಣಿದ ಮೇಲೆ, ಸಾಧ್ಯವಾದರೆ ಹಿಟ್ಟಿನ ಹದದಲ್ಲಿ ಸೇರಿಸಿ. ಕಣ್ಣಳತೆಯಲ್ಲಿ ಸುರಿಯದೆ ತೂಗಿ ಹಾಕಿ, ಡಬ್ಬಿಯ ಮುಚ್ಚಳ ತಕ್ಷಣ ಬಿಗಿಯಿರಿ, ಕಲಸುವ ಪಾತ್ರೆಗೂ ಮುಚ್ಚಳವಿರಲಿ. ಹೊರಗೆ ಗಾಳಿ ತಳ್ಳುವ ಫ್ಯಾನು ಪಾತ್ರೆಯ ಹಿಂದೆ, ಆವಿ ಕೆಲಸಗಾರನ ಮುಖದ ಕಡೆ ಬಾರದೆ ಗೋಡೆಯ ಕಡೆ ಸೆಳೆದುಕೊಳ್ಳುವಂತೆ ಇರಬೇಕು. ಅವನ ಬೆನ್ನ ಹಿಂದೆ ಹಾಕಿದ ಫ್ಯಾನು ಆವಿಯನ್ನು ಅವನ ಮುಖದ ಮೂಲಕವೇ ಎಳೆಯುತ್ತದೆ. ಭಟ್ಟಿಯ ಬಾಯಿ ತೆರೆದಾಗ ಬರುವ ಮೊದಲ ಹಬೆಯಿಂದಲೂ ದೂರವಿರಲು ಹೇಳಿ. ಮೂಗಿಗೆ ಕಟ್ಟುವ ಬಟ್ಟೆಯಾಗಲಿ, ಕೊರೊನಾ ಕಾಲದ ಎನ್-95 ಮುಖಗವಸಾಗಲಿ ಆವಿಯನ್ನು ತಡೆಯುವುದಿಲ್ಲ. ಅವು ಹಿಟ್ಟಿನ ಧೂಳಿಗೆ ಸರಿ. ಆವಿಗೆ ಇದ್ದಿಲಿನ ಡಬ್ಬಿಯಿರುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡವೇ ಬೇಕು, ಅದರ ಡಬ್ಬಿಯನ್ನೂ ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ನಾಲ್ಕೈದು ಮಂದಿ ದುಡಿಯುವ ಬೇಕರಿಗೆ ಕಾರ್ಖಾನೆ ತಪಾಸಣೆಯವರು ಬರುವುದಿಲ್ಲ. ಅಲ್ಲಿಯ ಕೆಲಸಗಾರನ ಉಸಿರಿನ ಹೊಣೆ ಮಾಲೀಕರಾದ ನಿಮ್ಮದೇ, ಮತ್ತು ಈ ಪತ್ರ ಬರೆದು ಆ ಹೊಣೆಯನ್ನು ನೀವು ಒಪ್ಪಿಕೊಂಡಿರುವುದು ನನಗೆ ಬಹಳ ಸಮಾಧಾನ ತಂದಿದೆ. ನಿಮ್ಮ ಊರಿನ ಉಳಿದ ಬೇಕರಿಯವರಿಗೂ ದಯವಿಟ್ಟು ಇದನ್ನು ತಿಳಿಸಿ.

ಪ್ರಶ್ನೆ: ನಾವು ಕುರುಕಲು ತಿಂಡಿ ತಯಾರಿಸಿ ಮಾರುತ್ತೇವೆ. ಎಸೆನ್ಸ್ ತಂದುಕೊಡುವವರು, "ಇದು ಡೈಅಸಿಟೈಲ್ ಇಲ್ಲದ್ದು, ಏನೂ ಭಯವಿಲ್ಲ" ಎನ್ನುತ್ತಾರೆ. ನಂಬಬಹುದೇ?
— ಸಿಂಧನೂರು

ಉತ್ತರ: ಮಾತಿನ ಮೊದಲ ಅರ್ಧ ನಿಜವಿರಬಹುದು, ಎರಡನೆಯ ಅರ್ಧವನ್ನು ನಂಬಬೇಡಿ. 2007ರ ಸುಮಾರಿಗೆ ಅಮೆರಿಕದ ದೊಡ್ಡ ಪಾಪ್‌ಕಾರ್ನ್ ಕಂಪನಿಗಳು ಡೈಅಸಿಟೈಲನ್ನು ಕೈಬಿಟ್ಟಾಗ, ಅದರ ಜಾಗಕ್ಕೆ ಹಲವೆಡೆ ಬಂದದ್ದು ಪೆಂಟೇನ್‌ಡೈಓನ್ ಎಂಬ ಅದರ ಸೋದರ ಅಣು. ಇಂಗಾಲ ಒಂದು ಹೆಚ್ಚು, ಚುರುಕಾದ ಜೋಡಿ ಬಂಧಗಳು ಹಾಗೆಯೇ ಇವೆ. ಇಲಿಗಳಲ್ಲಿ ಪರೀಕ್ಷಿಸಿದಾಗ ಅದೂ ಶ್ವಾಸನಾಳವನ್ನು ಅದೇ ಬಗೆಯಲ್ಲಿ ಗಾಯಗೊಳಿಸಿತು. ಆದ್ದರಿಂದಲೇ 2016ರ ಶಿಫಾರಸಿನಲ್ಲಿ ಅದಕ್ಕೂ ಗಾಳಿಯ ನೂರು ಕೋಟಿ ಪಾಲಿಗೆ 9.3 ಪಾಲಿನ ಮಿತಿ ಹಾಕಲಾಯಿತು. ಕೆಲವು ಡಬ್ಬಿಗಳಲ್ಲಿ "ಸ್ಟಾರ್ಟರ್ ಡಿಸ್ಟಿಲೇಟ್" ಎಂದು ಬರೆದಿರುತ್ತದೆ. ಹೆಪ್ಪು ಹಾಕಿದ ಹಾಲಿನಿಂದ ಭಟ್ಟಿ ಇಳಿಸಿದ ಈ ದ್ರವದಲ್ಲಿ ವಾಸನೆ ಕೊಡುವ ಮುಖ್ಯ ವಸ್ತು ಡೈಅಸಿಟೈಲೇ. ಹಾಲಿನಿಂದ ಬಂದದ್ದೆಂಬ ಕಾರಣಕ್ಕೆ ಅದರ ಆವಿ ಎದೆಗೆ ಹಿತವಾಗುವುದಿಲ್ಲ. ಸರಬರಾಜು ಮಾಡುವವರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೊಡದವರ ಮಾಲು ಬೇಡ. ಪತ್ರದಲ್ಲಿ ಏನೇ ಬರೆದಿದ್ದರೂ ಗಂಗಾವತಿಯವರಿಗೆ ಹೇಳಿದ ಜಾಗ್ರತೆಗಳನ್ನು ನೀವೂ ಪಾಲಿಸಿ.

ಪ್ರಶ್ನೆ: ಬಿಸ್ಕತ್ತಿನ ಪೊಟ್ಟಣದ ಮೇಲೆ "ನೇಚರ್ ಐಡೆಂಟಿಕಲ್ ಫ್ಲೇವರ್" ಎಂದಿದೆ. ಇದು ಕೃತಕಕ್ಕಿಂತ ಒಳ್ಳೆಯದೇ?
— ಕಾಲೇಜು ವಿದ್ಯಾರ್ಥಿ, ರಾಯಚೂರು

ಉತ್ತರ: ಒಳ್ಳೆಯದು ಕೆಟ್ಟದ್ದನ್ನು ಆ ಮಾತು ಹೇಳುವುದಿಲ್ಲ. ಪ್ರಕೃತಿಯಲ್ಲಿ ಇರುವ ಅಣುವನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಿದ್ದರೆ ಆ ಹೆಸರು, ಪ್ರಕೃತಿಯಲ್ಲಿ ಈವರೆಗೆ ಕಂಡಿರದ ಅಣುವಾದರೆ "ಆರ್ಟಿಫಿಶಿಯಲ್" ಎಂಬ ಹೆಸರು. ಕಾರ್ಖಾನೆಯಲ್ಲಿ ತಯಾರಾದ ಡೈಅಸಿಟೈಲ್ ಬೆಣ್ಣೆಯಲ್ಲಿಯೂ ಇರುವುದರಿಂದ ಮೊದಲನೆಯ ಗುಂಪಿಗೆ ಬೀಳುತ್ತದೆ. ನಮ್ಮ ಲೇಬಲ್ ನಿಯಮದ ಪ್ರಕಾರ ಆರ್ಟಿಫಿಶಿಯಲ್ ಆದರೆ ವಸ್ತುವಿನ ಹೆಸರನ್ನೇ ಬರೆಯಬೇಕು. ನೈಸರ್ಗಿಕ ಅಥವಾ ನೇಚರ್ ಐಡೆಂಟಿಕಲ್ ಆದರೆ ಗುಂಪಿನ ಹೆಸರಷ್ಟೇ ಸಾಕು. ಹೀಗಾಗಿ ಹೆಚ್ಚು ಹಿತವೆನಿಸುವ ಹೆಸರಿನ ಪೊಟ್ಟಣವೇ ಓದುಗನಿಗೆ ಕಡಿಮೆ ತಿಳಿಸುತ್ತದೆ. ಈ ನಿಯಮ ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ತಿನ್ನುವವರಿಗಿಂತ ಹೆಚ್ಚಾಗಿ ಆ ಡಬ್ಬಿಯನ್ನು ಬಿಚ್ಚಿ ಕೆಲಸ ಮಾಡುವವರ ಸಲುವಾಗಿ.

ಪ್ರಶ್ನೆ: ಬೆಣ್ಣೆ ಎಸೆನ್ಸಿನಿಂದ ಮರೆವಿನ ಕಾಯಿಲೆ ಬರುತ್ತದೆಂದು ಓದಿದೆ. ಹೌದೇ?
— ಸಿರುಗುಪ್ಪ

ಉತ್ತರ: 2012ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಡೈಅಸಿಟೈಲ್, ಆಲ್ಝೈಮರ್ ಕಾಯಿಲೆಗೆ ಸಂಬಂಧಿಸಿದ ಅಮಿಲಾಯ್ಡ್ ಪ್ರೋಟೀನು ಗಂಟುಕಟ್ಟುವುದನ್ನು ಹೆಚ್ಚಿಸಿದ್ದು ಕಂಡುಬಂತು. ಅದು ಗಾಜಿನ ನಳಿಕೆ ಮತ್ತು ಬೆಳೆಸಿದ ಜೀವಕೋಶಗಳಲ್ಲಿ ನಡೆದದ್ದು. ತಿಂದ ಬಿಸ್ಕತ್ತಿನಿಂದ ಮನುಷ್ಯರಿಗೆ ಮರೆವು ಬರುತ್ತದೆಂದು ಆ ಪ್ರಯೋಗದಿಂದ ಹೇಳಲಾಗುವುದಿಲ್ಲ.

ಪ್ರಶ್ನೆ: ಮನೆ ಬಾಗಿಲಿಗೆ ಬಿಡಿ ತುಪ್ಪ ಮಾರಿಕೊಂಡು ಬರುತ್ತಾರೆ. ಡಬ್ಬಿ ತೆರೆದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ವನಸ್ಪತಿಗೆ ಎಸೆನ್ಸ್ ಹಾಕಿ ಹೀಗೆ ಮಾಡಬಹುದೇ? ಮೂಸಿ ನೋಡಿ ಕಂಡುಹಿಡಿಯುವ ಉಪಾಯವಿದೆಯೇ?
— ಗೃಹಿಣಿ, ಬಳ್ಳಾರಿ

ಉತ್ತರ: ಮಾಡಬಹುದು, ಮಾಡುವವರೂ ಇದ್ದಾರೆ. ಮೂಸಿ ಕಂಡುಹಿಡಿಯುವುದು ಕಷ್ಟ. ಆದರೂ ಒಂದು ಸಂಗತಿ ತಿಳಿದಿರಲಿ: ಒಳ್ಳೆಯ ತುಪ್ಪದ ವಾಸನೆ ಬೆಣ್ಣೆಯ ವಾಸನೆಯಲ್ಲ. ಬೆಣ್ಣೆ ಕಾಸುವಾಗ ಡೈಅಸಿಟೈಲಿನ ಬಹುಪಾಲು ನೀರಿನಂಶದೊಡನೆ ಹಾರಿಹೋಗುತ್ತದೆ. ಆ ಬಿಸಿಯಲ್ಲಿ ಕೊಬ್ಬಿನಿಂದ ಲ್ಯಾಕ್ಟೋನುಗಳು ಮತ್ತು ಕೀಟೋನುಗಳು ಹುಟ್ಟುತ್ತವೆ, ತಳದ ಗಸಿ ಕೆಂಪಾಗುತ್ತ ತನ್ನದೇ ಹುರಿದ ವಾಸನೆಯನ್ನು ಕೂಡಿಸುತ್ತದೆ. ನಮ್ಮ ಹಿರಿಯರು ಕೊನೆಗೆ ವೀಳ್ಯದೆಲೆ ಅಥವಾ ನುಗ್ಗೆಸೊಪ್ಪು ಹಾಕಿ ಇಳಿಸುವುದರಿಂದ ಇನ್ನೊಂದು ಘಮವೂ ಸೇರುತ್ತದೆ. ಹಸಿ ಬೆಣ್ಣೆಯ ತೀಕ್ಷ್ಣ ವಾಸನೆಯೊಂದೇ ಮುಂದೆ ಬಂದು, ಒಂದು ಚಮಚ ತುಪ್ಪವನ್ನು ಕಾಯಿಸಿದ ಕೂಡಲೇ ಅದು ಮಾಯವಾಗಿ ಸಪ್ಪೆಯಾದರೆ ಸಂಶಯಪಡಲು ಕಾರಣವಿದೆ. ಆದರೆ ತುಪ್ಪದ ವಾಸನೆಯನ್ನೇ ಅನುಕರಿಸುವ ಎಸೆನ್ಸುಗಳೂ ಇರುವುದರಿಂದ ಇದನ್ನು ಸಾಕ್ಷಿ ಎನ್ನಲಾಗದು.

ಸಾಕ್ಷಿ ಸಿಗುವುದು ಪ್ರಯೋಗಶಾಲೆಯಲ್ಲಿ. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿದರೆ ಸಿಕ್ಕಿಬೀಳಲೆಂದೇ ಅದಕ್ಕೆ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂದು ನಮ್ಮ ಕಾನೂನು ಮಾಡಿತು. ಎಳ್ಳೆಣ್ಣೆಯ ಒಂದು ಅಂಶ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯುರಾಲ್ ಜೊತೆ ಕೆಂಪು ಬಣ್ಣ ಕೊಡುತ್ತದೆ. ಬೌಡ್ವಾನ್ ಪರೀಕ್ಷೆ ಎಂದರೆ ಇದೇ. ಎಷ್ಟೇ ಎಸೆನ್ಸ್ ಸುರಿದರೂ ಆ ಕೆಂಪನ್ನು ಮುಚ್ಚಲಾಗದು. ಬೇರೆ ಎಣ್ಣೆ ಬೆರೆಸಿದ್ದರೆ ರೈಕರ್ಟ್–ಮೈಸ್ಲ್ ಮೌಲ್ಯ ನೋಡುತ್ತಾರೆ. ಹಾಲಿನ ಕೊಬ್ಬಿಗೆ ವಿಶಿಷ್ಟವಾದ ಬ್ಯುಟಿರಿಕ್ ಆಮ್ಲದಂಥ ಸಣ್ಣ ಆಮ್ಲಗಳ ಅಳತೆ ಅದು. ಹತ್ತಿಕಾಳು ಹೆಚ್ಚಾಗಿ ತಿನ್ನುವ ದನ ಎಮ್ಮೆಗಳ ತುಪ್ಪದಲ್ಲಿ ಈ ಮೌಲ್ಯ ಸಹಜವಾಗಿಯೇ ತಗ್ಗಿರುತ್ತದೆ, ಇದನ್ನು ಆಹಾರ ನಿಯಮಗಳೂ ಗುರುತಿಸಿವೆ. ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ಅಂಕಿಯೊಂದನ್ನೇ ಹಿಡಿದು ಹಳ್ಳಿಯವರನ್ನು ಕಲಬೆರಕೆಯವರೆಂದು ದೂರುವ ಮುನ್ನ ಈ ಮಾತು ನೆನಪಿರಬೇಕು. ಆಮ್ಲದ ಪರೀಕ್ಷೆಯನ್ನು ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಪ್ರಕರಣದ ಪ್ರಕಾರ, ಕೊಂಡವರು ಯಾರೇ ಆದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ವಿಧಾನವನ್ನು ಬಳ್ಳಾರಿಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಮುಂದಿನ ಸಲ ಆ ತುಪ್ಪದವರು ಬಂದಾಗ ಪರೀಕ್ಷೆಗೆ ಕಳಿಸುವುದಾಗಿ ಮೊದಲೇ ಹೇಳಿಯೇ ಕೊಳ್ಳಿ.